ಪದ ಪರಿಚಯ: ಮುರುಟು

ಈ ಸಲದ ಪದ ‘ಮುರುಟು’. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರು ಎಲೆ ಒಣಗಿದ್ರೂ, ಬಟ್ಟೆ ಗಿಡ್ಡ ಆದ್ರೂ, ಬಿಸಿಗೆ ಪ್ಲಾಸ್ಟಿಕ್ ಸುರುಳಿಯಾದ್ರೂ ‘ಶ್ರಿಂಕ್ ಆಯ್ತು’ ಅಂದುಬಿಡ್ತೀವಿ. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದಗಳಿವೆ. ಮೊದಲು ಮುರುಟಿನ ನೆಂಟರನ್ನು ನೋಡೋಣ.

ಬಾಡು: ಎಲೆಯ ಜೀವಕೋಶಗಳಲ್ಲಿ ನೀರಿನ ಒತ್ತಡ ಇಳಿದು ಎಲೆ ಜೋತು ಬೀಳೋದು. ಬೇಗ ನೀರು ಹಾಕಿದರೆ ಮತ್ತೆ ನೆಟ್ಟಗಾಗುತ್ತೆ. (ಬಾಡೂಟದ ‘ಬಾಡು’ ಅಂದರೆ ಮಾಂಸ. ಅದು ಬೇರೆ ಪದ!)

ಮುದುಡು: ಮಡಚಿಕೊಳ್ಳೋದು. ಮುಟ್ಟಿದರೆ ಮುನಿ ಗಿಡದ ಎಲೆ ಮುದುಡುತ್ತೆ, ಸ್ವಲ್ಪ ಹೊತ್ತು ಬಿಟ್ಟು ತಾನೇ ಅರಳುತ್ತೆ.

ಸೊರಗು: ಸತ್ವ ಕಳೆದುಕೊಂಡು ಬಡವಾಗೋದು. ‘ಜ್ವರ ಬಂದು ಹುಡುಗ ಸೊರಗಿದಾನೆ.’

ಕುಗ್ಗು: ಅಳತೆ ಕಡಿಮೆಯಾಗೋದು. ಲ್ಯಾಬ್‌ನಲ್ಲಿ ಹೀಟ್ ಶ್ರಿಂಕ್ ಟ್ಯೂಬಿಗೆ ಸುತ್ತಲೂ ಬಿಸಿ ಕೊಟ್ಟರೆ ಅದು ವೈರಿನ ಮೇಲೆ ಸಮವಾಗಿ ಕುಗ್ಗುತ್ತೆ.

ಇನ್ನು ಮುರುಟು. ಅದೇ ಲ್ಯಾಬ್‌ನಲ್ಲಿ ಕಾದ ಸೋಲ್ಡರಿಂಗ್ ಐರನ್ ತೆಳುವಾದ ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆಗೆ ತಾಗಲಿ. ಆ ಕಡೆ ಮಾತ್ರ ಸೆಳೆದುಕೊಂಡು ಹಾಳೆ ಸೊಟ್ಟಗೆ ಸುರುಳಿಯಾಗುತ್ತೆ. ಇದು ಮುರುಟೋದು. ಕುಗ್ಗಿದರೆ ಅಳತೆ ಬದಲಾಗುತ್ತೆ, ಮುರುಟಿದರೆ ಆಕಾರವೇ ಕೆಡುತ್ತೆ.

ಹೊಲದಲ್ಲಿ ಈ ವ್ಯತ್ಯಾಸ ತಿಳಿಯದಿದ್ದರೆ ಬೆಳೆಯೇ ಹೋಗುತ್ತೆ. ಮೆಣಸಿನ ಗಿಡಕ್ಕೆ ಎಲೆ ಮುರುಟು ರೋಗ ಬರುತ್ತೆ. ಅದನ್ನು ತರೋದು ವೈರಸ್, ಹರಡೋದು ಬಿಳಿನೊಣ. ಎಲೆ ಬಾಡಿದೆ ಅಂದುಕೊಂಡು ಎಷ್ಟು ನೀರು ಹಾಯಿಸಿದರೂ ಮುರುಟಿದ ಎಲೆ ನೆಟ್ಟಗಾಗಲ್ಲ. ಬಿಳಿನೊಣವನ್ನೇ ಮೊದಲು ತಡೀಬೇಕು.

ಬಳಕೆ: ಮುರುಟುತ್ತದೆ, ಮುರುಟಿತು, ಮುರುಟಿದ ಎಲೆ, ಮುರುಟಿಹೋಯಿತು. ‘ಅವನ ಆಸೆ ಚಿಗುರಲ್ಲೇ ಮುರುಟಿಹೋಯಿತು’ ಅಂತ ಮನಸ್ಸಿಗೂ ಹೇಳ್ತೀವಿ.

ಹಾಸ್ಟೆಲ್‌ನಲ್ಲಿ ಯಾರಾದ್ರೂ ಸಪ್ಪಗಿದ್ರೆ ನಾವೆಲ್ಲ ‘ಡಲ್ ಆಗಿದಾನೆ’ ಅಂತ ಹೇಳಿ ಮುಂದೆ ಹೋಗ್ತೀವಿ. ಇಂಟರ್ನಲ್ಸ್ ಮುಗಿದ ದಿನ ಬಾಡಿದ ಮುಖಕ್ಕೆ ಒಂದು ಟೀ, ಒಂದು ಒಳ್ಳೆ ನಿದ್ದೆ ಸಾಕು. ಬೈಗುಳಕ್ಕೆ ಮುದುಡಿದವರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಟ್ಟರೆ ಸರಿಹೋಗ್ತಾರೆ. ಆದರೆ ತಿಂಗಳುಗಟ್ಟಲೆ ಒಳಗೊಳಗೇ ಮುರುಟುತ್ತಿರುವವರಿಗೆ ಟೀ ಸಾಲದು. ಪಕ್ಕ ಕೂತು, ಏನು ಕೊರೀತಿದೆ ಅಂತ ಕೇಳಬೇಕು. ಇವುಗಳಲ್ಲಿ ಯಾವುದು ಅಂತ ಹೇಳೋಕೆ ಪದ ಗೊತ್ತಿದ್ದರೆ, ಏನು ಮಾಡಬೇಕು ಅನ್ನೋದೂ ಬೇಗ ಹೊಳೆಯುತ್ತೆ.