ಪೇಟೆಯ ಬೀದಿಯೂ ಒಂದು ಪಾಠ: ಬೀದರದ ಚೌಬಾರಾ ರಸ್ತೆ

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೋಟೆ, ಅರಮನೆ, ಯುದ್ಧ ಮತ್ತು ಬಾಯಿಪಾಠ ಮಾಡಬೇಕಾದ ಇಸವಿಗಳು. ಉಪ್ಪು, ಬೆಲ್ಲ, ಬಟ್ಟೆ, ಬಳೆಗಳಿಗಾಗಿ ನಾವು ದಿನವೂ ಹೋಗಿಬರುವ ಪೇಟೆಯ ಬೀದಿಗೂ ಒಂದು ಇತಿಹಾಸವಿದೆಯೆಂದು ಅವರು ಎಣಿಸುವುದೇ ಇಲ್ಲ. ವಿಚಾರ ಮಾಡಿ ನೋಡಿದರೆ, ಅರಮನೆಗಳು ಪಾಳುಬಿದ್ದ ಊರುಗಳಲ್ಲಿಯೂ ಪೇಟೆ ಮಾತ್ರ ಬದುಕಿರುವುದನ್ನು ಕಾಣುತ್ತೇವೆ. ಅರಸನಿಲ್ಲದೆ ಊರು ಇರಬಲ್ಲುದು, ಅಂಗಡಿಯಿಲ್ಲದೆ ಇರಲಾರದು. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಪೇಟೆಯ ಬೀದಿಯೊಂದನ್ನು ಪುಸ್ತಕದಂತೆ ಓದುವ ಬಗೆಯನ್ನು ತಿಳಿಯೋಣ. ಅದಕ್ಕಾಗಿ ಬೀದರದ ಚೌಬಾರಾ ರಸ್ತೆಯನ್ನು ಆರಿಸಿಕೊಂಡಿದ್ದೇವೆ.

ನಮಗೂ ಬೀದರಕ್ಕೂ ಇರುವ ನಂಟು

ತೆಲಂಗಾಣದಲ್ಲಿರುವ ನಾವು ಕರ್ನಾಟಕದ ಊರಿನ ಬೀದಿಯನ್ನೇಕೆ ಓದಬೇಕು ಎಂದು ಕೆಲವರು ಕೇಳಬಹುದು. ಉತ್ತರ ಸುಲಭವಾಗಿದೆ. ಜಹೀರಾಬಾದಿನಿಂದ ಬೀದರಕ್ಕೆ ಸುಮಾರು 30 ಕಿಲೋಮೀಟರು ಮಾತ್ರ. ಹೈದರಾಬಾದ್ ಇದಕ್ಕಿಂತ ಬಹಳ ದೂರ. ಅದಕ್ಕೂ ಮುಖ್ಯವಾದ ಕಾರಣವೆಂದರೆ, 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಮೂರೂ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಮಾತ್ರ ಅತ್ತ ಉಳಿಯಿತು. ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಇತ್ತ ಬಂದಿತು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು.

ನಕಾಶೆಯ ಗೆರೆಗಳು ಹೀಗೆ ಬದಲಾಗುತ್ತ ಬಂದಿವೆ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಕಚೇರಿಯ ಕೆಲಸಕ್ಕಾಗಲಿ, ಮದುವೆಯ ಜವಳಿಗಾಗಲಿ, ಜಿಲ್ಲೆಯ ಊರಿಗೆಂದು ಜನ ನಡೆದ ದಾರಿ ಬೀದರದ್ದೇ. ನಮ್ಮ ಹಲವರ ಮನೆಗಳಲ್ಲಿ ಇಂದಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಆ ಕಡೆಗಿದೆ. ಆದ್ದರಿಂದ ಆ ಬೀದಿ ನಮಗೆ ಪರರದಲ್ಲ.

ನಾಲ್ಕು ದಾರಿ ಕೂಡುವಲ್ಲಿ

ಬಹಮನಿ ಸುಲ್ತಾನ ಅಹಮದ್ ಶಾಹನು 15ನೆಯ ಶತಮಾನದ ಆದಿಭಾಗದಲ್ಲಿ ರಾಜಧಾನಿಯನ್ನು ಗುಲಬರ್ಗಾದಿಂದ ಬೀದರಕ್ಕೆ ಬದಲಾಯಿಸಿದನು. ಕೋಟೆಗೆ ಅಂಟಿಕೊಂಡಂತೆ ಊರು ಬೆಳೆಯಿತು. ಊರಿಗೂ ಸುತ್ತ ಗೋಡೆಯಿತ್ತು. ಶಾಹಗಂಜ್, ಫತೇಹ್, ಮಂಗಲಪೇಟ, ದುಲ್ಹನ್, ತಲಘಾಟ್ ಎಂಬ ಐದು ದರ್ವಾಜಗಳಿದ್ದವು. ಎರಡು ದೊಡ್ಡ ಬೀದಿಗಳು ಊರಿನ ನಡುವೆ ಒಂದನ್ನೊಂದು ಅಡ್ಡಹಾಯ್ದು ಊರನ್ನು ನಾಲ್ಕು ಭಾಗ ಮಾಡಿದವು. ಆ ಬೀದಿಗಳು ಕೂಡುವ ಸ್ಥಳದಲ್ಲಿ ನಿಂತಿರುವುದೇ ಚೌಬಾರಾ.

ಇದು 71 ಅಡಿ ಎತ್ತರದ, ಕಂಬದಂತೆ ದುಂಡಗಿರುವ ಕಲ್ಲಿನ ಗೋಪುರ. ಒಳಗೆ ಸುತ್ತಿಕೊಂಡು ಏರುವ 80 ಮೆಟ್ಟಿಲುಗಳಿವೆ. ಬುಡದ ಸುತ್ತ ಕಮಾನುಗಳಿವೆ. ತುದಿಯಲ್ಲಿ ನಿಂತವನಿಗೆ ಇಡೀ ಊರೂ, ಊರಾಚೆಯ ತಗ್ಗಿನ ಬಯಲೂ ಕಾಣುವುದರಿಂದ ಇದನ್ನು ಕಾವಲು ಗೋಪುರವಾಗಿ ಬಳಸುತ್ತಿದ್ದರು. ಮೇಲಿನ ಗಡಿಯಾರ ಈಚಿನ ಕಾಲದ್ದು. ಹಿಂದೆ ಶತ್ರು ಬರುವುದನ್ನು ತಿಳಿಸಿದ ಗೋಪುರವು ಮುಂದೆ ಅಂಗಡಿ ತೆರೆಯುವ ಹೊತ್ತನ್ನು ತಿಳಿಸುವಂತಾಯಿತು. ಒಂದು ಕಟ್ಟಡದ ಕೆಲಸವು ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಊರಿನ ನಾಲ್ಕು ಭಾಗಗಳಿಗೆ ಒಂದೊಂದರಂತೆ ನಾಲ್ಕು ತಾಲೀಮುಗಳಿದ್ದವು: ನೂರ್ ಖಾನ್ ತಾಲೀಮು, ಸಿದ್ದೀಖ್ ಶಾಹ ತಾಲೀಮು, ಮನಿಯಾರ ತಾಲೀಮು ಮತ್ತು ಪನಸಾಲ ತಾಲೀಮು. ತಾಲೀಮು ಎಂದರೆ ಗರಡಿಮನೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾದುದಿಲ್ಲ. ‘ಮನಿಯಾರ’ ಎಂದರೆ ಬಳೆಗಾರ. ಹೀಗೆ ಕಸುಬಿನ ಹೆಸರು ಗರಡಿಗೆ ಬಂದು, ಗರಡಿಯ ಹೆಸರು ಓಣಿಗೆ ನಿಂತಿದೆ. ಆ ಭಾಗದ ಜನರನ್ನು ವಿಳಾಸ ಕೇಳಿದರೆ ಇಂದಿಗೂ ತಾಲೀಮಿನ ಹೆಸರನ್ನೇ ಹೇಳುತ್ತಾರೆ.

ಚೌಬಾರಾದಿಂದ ಕೋಟೆಯ ಕಡೆಗೆ

ಚೌಬಾರಾದಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯನ್ನು ಹಿಡಿಯೋಣ. ಎರಡೂ ಕಡೆ ಅಂಗಡಿಗಳ ಸಾಲು. ಆ ಸಾಲಿನ ನಡುವೆ ಒಮ್ಮೆಗೇ ಎದ್ದು ಕಾಣುವುದು ಖ್ವಾಜಾ ಮಹಮೂದ್ ಗವಾನನ ಮದರಸಾ. ಗವಾನನು ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. 1472ರಲ್ಲಿ ಪೂರ್ಣಗೊಂಡ ಈ ವಿದ್ಯಾಲಯವು 205 ಅಡಿ ಉದ್ದ, 180 ಅಡಿ ಅಗಲವಿದ್ದು ಮೂರು ಅಂತಸ್ತಿನದು. ಇದರಲ್ಲಿ ಪಾಠದ ಕೋಣೆಗಳು, ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ವಸತಿ, ಪ್ರಾರ್ಥನಾ ಮಂದಿರ, ಗ್ರಂಥಾಲಯ ಎಲ್ಲವೂ ಇದ್ದವು. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಗೋಡೆಗಳ ಮೇಲೆ ಹೊಳೆಯುವ ಬಣ್ಣದ ಹೆಂಚಿನ ಬಿಲ್ಲೆಗಳನ್ನು ಹೊದಿಸಿದ್ದರು. ಸುಳ್ಳು ಆರೋಪಕ್ಕೆ ಗುರಿಯಾಗಿ ಗವಾನನು 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಕೊಲ್ಲಲ್ಪಟ್ಟನು. ಮುಂದೆ ಮೊಗಲರ ಕಾಲದಲ್ಲಿ ಕಟ್ಟಡದೊಳಗೆ ಮದ್ದು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿದು ಒಂದು ಮಿನಾರು ಮತ್ತು ಮುಂಭಾಗದ ಬಹುಪಾಲು ಉರುಳಿದವು. ಪುಸ್ತಕವಿದ್ದ ಜಾಗದಲ್ಲಿ ಮದ್ದನ್ನಿಟ್ಟರೆ ಏನಾಗುತ್ತದೆಂಬ ಪಾಠವನ್ನು ಆ ಒಂಟಿ ಮಿನಾರು ಇಂದಿಗೂ ಹೇಳುತ್ತಿದೆ.

ಇದೇ ದಾರಿಯಲ್ಲಿ ತಖ್ತೆ ಕಿರ್ಮಾನಿ ಎಂಬ ಚೆಲುವಾದ ಹೆಬ್ಬಾಗಿಲಿದೆ. ಇರಾನಿನ ಕಿರ್ಮಾನಿನಿಂದ ಬಂದ ಸಂತ ಖಲೀಲುಲ್ಲಾನ ಹೆಸರಿನೊಡನೆ ಇದು ಸೇರಿಕೊಂಡಿದೆ. ವಿದ್ಯಾಲಯವನ್ನು ಊರಿನ ಮೂಲೆಯಲ್ಲಿ ಕಟ್ಟದೆ ಪೇಟೆಯ ದಾರಿಯಲ್ಲಿಯೇ ಕಟ್ಟಿದರೆಂಬುದನ್ನು ಗಮನಿಸಬೇಕು. ಕೊಳ್ಳುವವನು, ಮಾರುವವನು, ಓದುವವನು, ಬೇಡುವವನು ಎಲ್ಲರೂ ಒಂದೇ ಬೀದಿಯಲ್ಲಿ ನಡೆದರು.

ರಷ್ಯಾದ ವ್ಯಾಪಾರಿ ಕಂಡ ಪೇಟೆ

1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಕ್ಕೆ ಬಂದನು. ಸಮುದ್ರ ದಾಟಿಸಿ ತಂದಿದ್ದ ತನ್ನ ಕುದುರೆಯನ್ನು ಇಲ್ಲಿ ಮಾರಿದನು. ಇಲ್ಲಿ ಕುದುರೆ, ರೇಷ್ಮೆ, ಜರಿಬಟ್ಟೆಗಳ ವ್ಯಾಪಾರವಿತ್ತೆಂದೂ, ಮನುಷ್ಯರನ್ನೇ ಗುಲಾಮರನ್ನಾಗಿ ಮಾರುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಿದ್ದರು, ಹಳ್ಳಿಗಾಡಿನ ಜನ ಮಾತ್ರ ಕಡುಬಡವರಾಗಿದ್ದರು ಎಂಬುದನ್ನೂ ಅವನ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಹಳೆಯ ಬೀದಿಯ ವೈಭವವನ್ನು ಹೇಳುವಾಗ ಈ ಮಾತನ್ನು ಮರೆಯಬಾರದು. ಆ ಜರಿಬಟ್ಟೆಯ ಬೆಲೆಯನ್ನು ತೆತ್ತವನು ಜೋಳ ಬೆಳೆದ ರೈತ. ಇತಿಹಾಸವನ್ನು ಓದುವವನು ಹೊಗಳುವುದನ್ನಷ್ಟೇ ಕಲಿತರೆ ಸಾಲದು. ಅಳೆದು ನೋಡುವುದನ್ನೂ ಕಲಿಯಬೇಕು.

ಅಂಗಡಿಯಲ್ಲಿ ಉಳಿದ ವಿದ್ಯೆ

ಈ ಬೀದಿಯ ಅಂಗಡಿಗಳಲ್ಲಿ ಬೇರೆ ಊರಿನ ಪೇಟೆಗಳಲ್ಲಿ ಸಾಮಾನ್ಯವಾಗಿ ಕಾಣದಂತಹ ಒಂದು ಸರಕಿದೆ. ಅದೇ ಬಿದರಿ. ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಕರಗಿಸಿ ಅಚ್ಚಿನಲ್ಲಿ ಎರೆಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸುತ್ತಾರೆ. ಕೊನೆಗೆ ಪಾತ್ರೆಯನ್ನು ಬಿಸಿಮಾಡಿ, ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಿಂದ ತಿಕ್ಕುತ್ತಾರೆ. ಆಗ ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಂತೆ ಚಿತ್ತಾರ ಎದ್ದು ಕಾಣುತ್ತದೆ. ವಿಜ್ಞಾನ ಓದುವವರು ಇದರ ಕಾರಣವನ್ನು ತಮ್ಮ ಅಧ್ಯಾಪಕರಿಂದ ಕೇಳಿ ತಿಳಿಯಬೇಕು.

ಇರಾನಿನ ಕಡೆಯಿಂದ ಬಂದ ಕೈಚಳಕಕ್ಕೆ ಇಲ್ಲಿಯ ಮಣ್ಣು ಸೇರಿ ಹುಟ್ಟಿದ ವಿದ್ಯೆಯಿದು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಕುಶಲಕರ್ಮಿ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅರಮನೆಗಳ ಛಾವಣಿ ಕುಸಿದರೂ ಒಂದು ಬೀದಿಯ ಕೈಗೆಲಸ ಉಳಿಯಿತೆಂಬುದು ನಮಗೆ ಸಂತೋಷದ ವಿಷಯ.

ಹೆಸರುಗಳು ಹೇಳುವ ಕಥೆ

ಕನ್ನಡ ಕಲಿಸುವವರಾದ ನಮಗೆ ಪೇಟೆಯ ಮಾತುಗಳ ಮೇಲೆ ವಿಶೇಷ ಪ್ರೀತಿ. ‘ಚೌಬಾರಾ’ ಎಂದರೆ ನಾಲ್ಕು ಮುಖವುಳ್ಳ ಕಟ್ಟಡ. ‘ಬಜಾರು’, ‘ಕಮಾನು’, ‘ದರ್ವಾಜ’ ಇವು ಪಾರಸಿಯಿಂದ ಬಂದವು. ‘ಗಂಜ್’ ಎಂಬ ಪಾರಸಿ ಮಾತಿಗೆ ಮೊದಲು ಭಂಡಾರವೆಂಬ ಅರ್ಥವಿದ್ದು, ನಮ್ಮಲ್ಲಿ ಕಾಳುಕಡಿಯ ಪೇಟೆಯೆಂಬ ಅರ್ಥ ನಿಂತಿತು. ಬೀದರದಲ್ಲಿ ಏಳನೆಯ ನಿಜಾಮನ ಹೆಸರಿನ ಉಸ್ಮಾನ್‌ಗಂಜ್ ಇದೆ, ಗಾಂಧೀಗಂಜ್ ಕೂಡ ಇದೆ. ಎರಡು ಯುಗಗಳು ಎರಡು ಹೆಸರುಗಳಲ್ಲಿ ಅಡಗಿವೆ. ‘ಪೇಟೆ’ ಎಂಬುದು ಕನ್ನಡದಲ್ಲಿಯೂ ಉಂಟು, ತೆಲುಗಿನಲ್ಲಿಯೂ ಉಂಟು. ಮರಾಠಿಯಲ್ಲಿ ‘ಪೇಠ’ ಆಗುತ್ತದೆ. ನಮ್ಮ ‘ಅಂಗಡಿ’ ಒಂದು ಮಳಿಗೆಯಾದರೆ, ತೆಲಂಗಾಣದ ಹಳ್ಳಿಗಳಲ್ಲಿ ವಾರದ ಸಂತೆಯನ್ನೇ ಅಂಗಡಿ ಎನ್ನುತ್ತಾರೆ.

ಇನ್ನು ನಮ್ಮ ಮೂರು ಊರುಗಳ ಹೆಸರನ್ನೇ ನೋಡಿರಿ. ಜಹೀರಾಬಾದಿನ ‘ಆಬಾದ್’ ಪಾರಸಿ. ಜನವಸತಿಯಾದ ಸ್ಥಳ ಎಂದು ಅರ್ಥ. ನಾರಾಯಣಖೇಡದ ‘ಖೇಡ’ ಮರಾಠಿಯಲ್ಲಿ ಹಳ್ಳಿಗೆ ಹೇಳುವ ಮಾತು. ತಾಂಡೂರಿನ ‘ಊರು’ ನಮ್ಮ ಕನ್ನಡ ತೆಲುಗುಗಳಿಗೆ ಸಾಮಾನ್ಯವಾದದ್ದು. ಮೂರು ಊರು, ಮೂರು ನುಡಿ. ಗಡಿಯಲ್ಲಿ ಹುಟ್ಟಿದವರು ಹಲವು ಮಾತು ಬಲ್ಲವರಾಗುವುದು ಕೊರತೆಯಲ್ಲ, ಸಂಪತ್ತು. ಆದರೆ ತನ್ನ ಮನೆಯ ಮಾತಿನಲ್ಲಿ ಓದಿ ಬರೆಯಲು ಬಾರದವನಿಗೆ ಈ ಸಂಪತ್ತು ಅರ್ಧ ಮಾತ್ರ ದಕ್ಕುತ್ತದೆ.

ಅಳಿದದ್ದು ಮತ್ತು ಉಳಿಸತಕ್ಕದ್ದು

ಈಚಿನ ದಶಕಗಳಲ್ಲಿ ಬೀದರದ ಹಳೆಯ ಊರಿನಲ್ಲಿ ರಸ್ತೆ ಅಗಲ ಮಾಡುವಾಗ ಅನೇಕ ಮನೆ ಅಂಗಡಿಗಳ ಮುಂಭಾಗ ಹೋಯಿತು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯೆಂಬ ಅಂತರರಾಷ್ಟ್ರೀಯ ಸಂಸ್ಥೆಯು ಕಾಳಜಿ ವಹಿಸಬೇಕಾದ ಸ್ಥಳಗಳ ತನ್ನ ಪಟ್ಟಿಯಲ್ಲಿ ಬೀದರ ನಗರವನ್ನು ಸೇರಿಸಿತು. ರಸ್ತೆ ಅಗಲವಾಗುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಕುದುರೆಗೂ ಕಾಲ್ನಡಿಗೆಗೂ ಮಾಡಿದ ದಾರಿಯಲ್ಲಿ ರೋಗಿಯನ್ನು ಕರೆದೊಯ್ಯುವ ವಾಹನ ಹೋಗಬೇಡವೇ? ಅಂಗಡಿಕಾರನಿಗೂ ಬೆಳಕು, ಗಾಳಿ, ಚರಂಡಿ ಬೇಕು. ಆದರೆ ಕೆಡಹುವ ಮೊದಲು ಅದು ಏನು, ಯಾವ ಕಾಲದ್ದು, ಯಾರು ಕಟ್ಟಿದ್ದು ಎಂದು ಕೇಳುವವರು ಊರಿನಲ್ಲಿರಬೇಕು. ಕೇಳುವವರಿದ್ದರೆ ಒಂದು ಕಮಾನು ಉಳಿಯುತ್ತದೆ, ಒಂದು ಕೆತ್ತನೆಯ ಬಾಗಿಲು ಉಳಿಯುತ್ತದೆ, ಕಡೆಗೆ ಒಂದು ಹೆಸರಾದರೂ ಉಳಿಯುತ್ತದೆ. ಕೇಳುವವರಿಲ್ಲದಿದ್ದರೆ ಗೋಡೆ ಬಿದ್ದುದು ಯಾರಿಗೂ ತಿಳಿಯುವುದೇ ಇಲ್ಲ. ಹಾಗೆ ಕೇಳುವವರನ್ನು ತಯಾರು ಮಾಡುವುದು ಶಾಲೆಯ ಕೆಲಸ.

ನಮ್ಮ ಊರಿನ ಬೀದಿಯನ್ನು ಓದೋಣ

ಬೀದರದಲ್ಲಿ ಕಲಿತ ಕಣ್ಣಿನಿಂದ ಈಗ ನಮ್ಮ ಪೇಟೆಗಳನ್ನು ನೋಡೋಣ. ಬೀದರದ ಹಳೆಯ ಗೋಡೆಗಳಲ್ಲಿ ಕಾಣುವುದು ಆ ಪ್ರಸ್ಥಭೂಮಿಯ ಕೆಂಪು ಮುರಕಲ್ಲು. ತಾಂಡೂರಿನಲ್ಲಿಯಾದರೆ ಕಾಲ ಕೆಳಗಿರುವುದು ಪದರು ಪದರಾಗಿ ಏಳುವ ಸುಣ್ಣದ ಕಲ್ಲು, ಜನ ಪರಸಿ ಎನ್ನುವ ಹಾಸುಗಲ್ಲು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಹಾದಿಯಾದ ಮೇಲೆ ಈ ಭಾಗದ ಸರಕು ದೂರದ ಊರುಗಳನ್ನು ಮುಟ್ಟುವುದು ಸುಲಭವಾಯಿತು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಜಹೀರಾಬಾದ್ ಹೈದರಾಬಾದಿನಿಂದ ಮುಂಬಯಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿಯೂ, ವಿಕಾರಾಬಾದ್–ಬೀದರ ರೈಲು ಹಾದಿಯಲ್ಲಿಯೂ ಇದೆ. ನಾರಾಯಣಖೇಡಕ್ಕೆ ರೈಲಿಲ್ಲ, ಅಲ್ಲಿಯ ಪೇಟೆಯನ್ನು ಸಾಕಿದ್ದು ಸುತ್ತಲ ಹಳ್ಳಿಗಳು. ಹೀಗೆ ಒಂದು ಪೇಟೆ ಕೋಟೆಯಿಂದ, ಒಂದು ಕಲ್ಲು ಕಾಳುಗಳಿಂದ, ಒಂದು ದಾರಿಯಿಂದ, ಒಂದು ಹಳ್ಳಿಗಳಿಂದ ಬೆಳೆಯುತ್ತದೆ.

ರಜೆಯಲ್ಲಿ ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಮಾಡತಕ್ಕದ್ದು:

1. ನಿಮ್ಮ ಊರಿನ ಮುಖ್ಯ ಬೀದಿಯ ಎರಡೂ ಕಡೆಯ ಅಂಗಡಿಗಳನ್ನು ಗುರುತಿಸಿ ಒಂದು ನಕಾಶೆ ಬರೆಯಿರಿ.

2. ಬೋರ್ಡಿನಿಂದ ಮೇಲಕ್ಕೆ ಕಣ್ಣೆತ್ತಿ ನೋಡಿರಿ. ಕಟ್ಟಿದ ಇಸವಿ, ಕಮಾನು, ಕಟ್ಟಿಗೆಯ ಕಂಬ, ಹಳೆಯ ಬರಹ ಇದ್ದರೆ ಬರೆದುಕೊಳ್ಳಿರಿ. ಬೋರ್ಡುಗಳಲ್ಲಿ ಯಾವ ಯಾವ ಲಿಪಿಗಳಿವೆ ಎಂದೂ ಎಣಿಸಿರಿ.

3. ಕಟ್ಟಡ ಯಾವ ಕಲ್ಲಿನದು, ಆ ಕಲ್ಲು ಎಲ್ಲಿಂದ ಬಂತು ಎಂದು ವಿಚಾರಿಸಿರಿ.

4. ಬಹುಕಾಲದಿಂದ ಅಂಗಡಿ ನಡೆಸುತ್ತಿರುವ ಹಿರಿಯರೊಬ್ಬರನ್ನು ನಮಸ್ಕರಿಸಿ, ಅವರಿಗೆ ಬಿಡುವಿದ್ದಾಗ, ಮೊದಲು ಈ ಜಾಗದಲ್ಲಿ ಏನಿತ್ತು ಎಂದು ಕೇಳಿರಿ. ಅವರು ಹೇಳಿದ ಮಾತನ್ನು ಅವರ ಮಾತಿನಲ್ಲಿಯೇ ಬರೆದಿಡಿರಿ.

ಪೋಷಕರಲ್ಲಿಯೂ ಒಂದು ಬಿನ್ನಹ. ಮದುವೆ ಮುಂಜಿಗಳ ಕೊಡುಕೊಳ್ಳುವಿಕೆಗೆ ಬೀದರಕ್ಕೋ ಹೈದರಾಬಾದಿಗೋ ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಖರೀದಿ ಮುಗಿದ ಮೇಲೆ ಅರ್ಧ ಗಂಟೆ ಬೀದಿಯಲ್ಲಿ ನಡೆಸಿರಿ. ನಿಮ್ಮ ತಂದೆ ಯಾವ ಅಂಗಡಿಯಲ್ಲಿ ಜವಳಿ ಕೊಂಡರು, ಬಂಡಿ ಎಲ್ಲಿ ಬಿಟ್ಟರು, ಬುತ್ತಿ ಎಲ್ಲಿ ಬಿಚ್ಚಿ ಉಂಡರು ಎಂಬುದನ್ನು ತೋರಿಸಿ ಹೇಳಿರಿ. ಅದನ್ನು ಯಾವ ಪಠ್ಯಪುಸ್ತಕವೂ ಅಚ್ಚುಮಾಡಿಲ್ಲ. ನೀವು ಹೇಳದಿದ್ದರೆ ಮಕ್ಕಳಿಗೆ ತಿಳಿಯುವ ಬೇರೆ ದಾರಿಯಿಲ್ಲ. ವಿದ್ಯಾರ್ಥಿಗಳು ಬರೆದು ತಂದುದರಲ್ಲಿ ಒಳ್ಳೆಯದನ್ನು ಆರಿಸಿ ಮುಂದಿನ ವರ್ಷದ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ನಮ್ಮ ಆಸೆ.