ಆಮೆ ವ್ಯೂಹ: ಒಂದು ಅಭ್ಯಾಸ ಪಾಠದ ಅವಲೋಕನ

8ನೇ ತರಗತಿಗೆ ರೋಮನ್ ಸೈನ್ಯದ 'ಟೆಸ್ಟುಡೊ', ಅಂದರೆ ಆಮೆ ವ್ಯೂಹವನ್ನು ಅಭಿನಯದ ಮೂಲಕ ಕಲಿಸಿದೆ. 12 ಮಕ್ಕಳಿಗೆ ರಟ್ಟಿನ ಗುರಾಣಿ ಕೊಟ್ಟೆ. ಮುಂದಿನ ಸಾಲಿನವರು ಅದನ್ನು ಎದುರಿಗೆ ಹಿಡಿದರು. ಹಿಂದಿನವರು ತಲೆಯ ಮೇಲೆ ಹೊದಿಸಿದರು. ಉಳಿದವರು ಕಾಗದದ ಉಂಡೆಗಳ 'ಬಾಣ' ಎಸೆದರು. ಒಂದೂ ತಾಗಲಿಲ್ಲ. 'ಇದು ಅಭೇದ್ಯ ವ್ಯೂಹ' ಎಂದು ಪಾಠ ಮುಗಿಸುವುದರಲ್ಲಿದ್ದೆ. ಆಗ ನಡುಸಾಲಿನ ಹುಡುಗಿಯೊಬ್ಬಳು, "ಮೇಡಂ, ನಂಗೇನೂ ಕಾಣ್ತಿಲ್ಲ. ಕುದುರೆ ನುಗ್ಗಿ ಬಂದ್ರೆ ಏನ್ಮಾಡೋದು?" ಎಂದಳು.

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಂದು ಸಂಜೆ ಓದಿದೆ. ಕ್ರಿ.ಪೂ. 53ರಲ್ಲಿ, ಇಂದಿನ ಟರ್ಕಿಯಲ್ಲಿರುವ ಕಾರ್ಹೆಯ ಬಯಲಿನಲ್ಲಿ ಕ್ರಾಸಸ್‌ನ ಸೈನ್ಯ ಇದೇ ಇಕ್ಕಟ್ಟಿಗೆ ಸಿಲುಕಿತ್ತು. ಒತ್ತಾಗಿ ನಿಂತರೆ ಪಾರ್ಥಿಯನ್ನರ ಭರ್ಜಿ ಹಿಡಿದ ಸವಾರರು ನುಗ್ಗುತ್ತಿದ್ದರು. ಚದುರಿದರೆ ಬಾಣಗಳು ಬೀಳುತ್ತಿದ್ದವು.

ಮರುದಿನ ಅದೇ ವ್ಯೂಹ ಕಟ್ಟಿಸಿ, ನಾಲ್ವರನ್ನು ಸವಾರರಾಗಿ ಎದುರು ನಿಲ್ಲಿಸಿ, "ಈಗೇನು ಮಾಡ್ತೀರಿ?" ಎಂದು ಕೇಳಿದೆ. ವಾದ ಶುರುವಾಯಿತು. ಕೊನೆಗೆ ಮಕ್ಕಳೇ ಹೇಳಿದರು: ಕೋಟೆಗೋಡೆಯ ಬಳಿ ಸಾಗಲು ಆಮೆ ಸರಿ, ಕುದುರೆಪಡೆ ಇರುವ ಬಯಲಿನಲ್ಲಿ ಅಪಾಯ.

ಮೊದಲ ದಿನ ಮಕ್ಕಳು ವ್ಯೂಹದ ಆಕಾರ ಕಲಿತಿದ್ದರು. ಎರಡನೆಯ ದಿನ ಅದರ ಮಿತಿ ಕಲಿತರು. ಅಭಿನಯ ಪಾಠ ಯೋಜಿಸುವಾಗ ಈಗ ನಾನು ಮೊದಲು ಬರೆಯುವುದು, ಆ ವ್ಯೂಹ ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆಯನ್ನು.