ಕಾಲೇಜಿನ ಕ್ರೀಡಾಪಟುವಿಗೆ ವೇತನ ಸಲ್ಲಬೇಕೆ?

ವಿದ್ಯಾರ್ಥಿಯು ಆಟಕ್ಕಾಗಿ ಹಣವನ್ನು ಪಡೆಯುವುದು ಯುಕ್ತವೇ? ಈ ಪ್ರಶ್ನೆಯನ್ನು ಕೇಳಿದೊಡನೆ ಕೆಲವರು “ಆಟವೂ ವ್ಯಾಪಾರವಾಗಬೇಕೆ?” ಎನ್ನುವರು, ಮತ್ತೆ ಕೆಲವರು “ದುಡಿದವರಿಗೆ ಪ್ರತಿಫಲ ಬೇಡವೆ?” ಎನ್ನುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದುದರಿಂದ ನಮ್ಮ ಹಿರಿಯರ ಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನೂ ಬಳಿಕ ಉತ್ತರಪಕ್ಷವನ್ನೂ ಪರಿಶೀಲಿಸಿ ಸಿದ್ಧಾಂತಕ್ಕೆ ಬರೋಣ. ಅದಕ್ಕೆ ಮುನ್ನ ನಿದರ್ಶನವೊಂದು ನಮ್ಮ ಕಣ್ಣೆದುರಿಗಿರಲಿ. ನಿದರ್ಶನವಿಲ್ಲದ ವಾದವು ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತೆ.

ನಿದರ್ಶನ

ಆಂಧ್ರಪ್ರದೇಶದ ರೇವುಪಟ್ಟಣವಾದ ವಿಶಾಖಪಟ್ಟಣದಲ್ಲಿ 1999ರಲ್ಲಿ ಜ್ಯೋತಿ ಯರ್ರಾಜಿ ಜನಿಸಿದರು. ತಂದೆ ಕಾವಲುಗಾರರಾಗಿಯೂ ತಾಯಿ ಮನೆಗೆಲಸ ಮಾಡಿಯೂ ಸಂಸಾರವನ್ನು ಸಾಗಿಸಿದರು. ಬಾಲಕಿಯ ಎತ್ತರವನ್ನು ಗಮನಿಸಿದ ಶಾಲೆಯ ವ್ಯಾಯಾಮ ಶಿಕ್ಷಕರು ಆಕೆಯನ್ನು ಹರ್ಡಲ್ಸ್ ಓಟಕ್ಕೆ ಪ್ರೋತ್ಸಾಹಿಸಿದರು. ಸ್ತ್ರೀಯರ 100 ಮೀಟರ್ ಹರ್ಡಲ್ಸ್ ಓಟದಲ್ಲಿ 83.8 ಸೆಂಟಿಮೀಟರ್ ಎತ್ತರದ 10 ತಡೆಗಳಿರುತ್ತವೆ. ತಡೆಯಿಂದ ತಡೆಗೆ 8.5 ಮೀಟರ್ ಅಂತರ. ಈ ಎತ್ತರ, ಈ ಅಂತರ ಎಲ್ಲ ಓಟಗಾರ್ತಿಯರಿಗೂ ಒಂದೇ. ಆದರೆ ಮೈದಾನದ ಹೊರಗಿನ ತಡೆಗಳು ಎಲ್ಲರಿಗೂ ಸಮಾನವಲ್ಲ. ಒಳ್ಳೆಯ ಆಹಾರ, ಪಾದರಕ್ಷೆ, ಪ್ರಯಾಣ, ಗಾಯಕ್ಕೆ ಚಿಕಿತ್ಸೆ ಇವೆಲ್ಲಕ್ಕೂ ಹಣ ಬೇಕು.

ಹೈದರಾಬಾದಿನಲ್ಲಿಯೂ ಗುಂಟೂರಿನಲ್ಲಿಯೂ ತರಬೇತಿ ಪಡೆದ ಜ್ಯೋತಿಯವರು, ವಿಜಯವಾಡ ಮತ್ತು ಗುಂಟೂರುಗಳ ನಡುವೆ ಇರುವ ಆಚಾರ್ಯ ನಾಗಾರ್ಜುನ ವಿಶ್ವವಿದ್ಯಾನಿಲಯದ ಪರವಾಗಿ ಓಡಿದರು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟವು ನಮ್ಮ ಮೂಡುಬಿದಿರೆಯಲ್ಲಿ ನಡೆಯಿತು. ಅಲ್ಲಿ ಆಕೆ 13.03 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿದರು. ಆಗಿನ ರಾಷ್ಟ್ರೀಯ ದಾಖಲೆಯಾದರೋ ಅನುರಾಧಾ ಬಿಸ್ವಾಲ್ ಅವರು 2002ರಲ್ಲಿ ಸ್ಥಾಪಿಸಿದ 13.38 ಸೆಕೆಂಡುಗಳು. ಆದರೂ ಹೊಸ ದಾಖಲೆಗೆ ಮನ್ನಣೆ ದೊರೆಯಲಿಲ್ಲ. ಕೂಟದಲ್ಲಿ ರಾಷ್ಟ್ರೀಯ ಸಂಸ್ಥೆಯಿಂದ ಉದ್ದೀಪನ ಮದ್ದಿನ ಪರೀಕ್ಷೆ ನಡೆಯದೆ ಇದ್ದುದೂ, ಅಥ್ಲೆಟಿಕ್ಸ್ ಒಕ್ಕೂಟದ ತಾಂತ್ರಿಕ ಪ್ರತಿನಿಧಿ ಇಲ್ಲದೆ ಇದ್ದುದೂ ಇದಕ್ಕೆ ಕಾರಣ. ಓಟಗಾರ್ತಿಯ ಪಾಲಿನ ಕರ್ತವ್ಯದಲ್ಲಿ ಲೋಪವಿರಲಿಲ್ಲ, ಲೋಪವಿದ್ದುದು ಏರ್ಪಾಟಿನಲ್ಲಿ.

ಎರಡು ವರ್ಷಗಳ ಬಳಿಕ ಕೋಳಿಕ್ಕೋಡಿನಲ್ಲಿ 13.09 ಸೆಕೆಂಡುಗಳಲ್ಲಿ ಓಡಿದಾಗ, ಬೆನ್ನಗಾಳಿಯ ವೇಗವು ನಿಯಮದ ಮಿತಿಯಾದ ಸೆಕೆಂಡಿಗೆ 2 ಮೀಟರನ್ನು ಅತ್ಯಲ್ಪವಾಗಿ ಮೀರಿತ್ತು. ಕೊನೆಗೆ 2022ರ ಮೇ ತಿಂಗಳಿನಲ್ಲಿ ಸೈಪ್ರಸ್ ದ್ವೀಪದಲ್ಲಿ 13.23 ಸೆಕೆಂಡುಗಳ ಓಟವು ರಾಷ್ಟ್ರೀಯ ದಾಖಲೆಯಾಯಿತು. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ವಿಶ್ವ ವಿಶ್ವವಿದ್ಯಾನಿಲಯ ಕ್ರೀಡಾಕೂಟದಲ್ಲಿ 12.78 ಸೆಕೆಂಡುಗಳೊಡನೆ ಕಂಚಿನ ಪದಕವೂ ಬಂದಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ಮಹಿಳೆ ಈಕೆಯೇ.

ಪೂರ್ವಪಕ್ಷ

ವೇತನ ಸಲ್ಲದೆನ್ನುವವರ ವಾದಗಳು ಮುಖ್ಯವಾಗಿ ಮೂರು. ಮೊದಲನೆಯದು, ವಿದ್ಯಾರ್ಥಿಯ ಪ್ರಥಮ ಕರ್ತವ್ಯವು ವಿದ್ಯಾರ್ಜನೆ. ಆಟಕ್ಕೆ ಕೂಲಿ ಸಿಕ್ಕಿದರೆ ಪುಸ್ತಕವು ಮೂಲೆಗೆ ಬೀಳುವುದು. ಎರಡನೆಯದು, ಒಂದೇ ತಂಡದಲ್ಲಿ ಒಬ್ಬನಿಗೆ ಹೆಚ್ಚು, ಮತ್ತೊಬ್ಬನಿಗೆ ಕಡಮೆ ಕೊಟ್ಟರೆ ಸೌಹಾರ್ದವು ಕೆಡುವುದು. ಮೂರನೆಯದು ಇನ್ನೂ ಬಲವಾದುದು: ಹಣ ಬರುವುದು ಎಲ್ಲಿಂದ? ನಮ್ಮ ಅಂತರ ವಿಶ್ವವಿದ್ಯಾನಿಲಯ ಕೂಟಗಳನ್ನು ನೋಡಲು ಲಕ್ಷಾಂತರ ಜನ ಟಿಕೆಟ್ ಕೊಂಡು ಬರುವುದಿಲ್ಲ. ಹಾಗಿರುವಾಗ ಓಟಗಾರನ ಸಂಬಳವನ್ನು ಪ್ರಯೋಗಾಲಯದ, ಗ್ರಂಥಾಲಯದ ಹಣದಿಂದಲೇ ತೆಗೆಯಬೇಕಾದೀತು.

ಉತ್ತರಪಕ್ಷ

ಕೊಡಬೇಕೆನ್ನುವವರು ಇತಿಹಾಸವನ್ನು ಮುಂದಿಡುತ್ತಾರೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಮೂಲನಿವಾಸಿ ಜನಾಂಗದ ಜಿಮ್ ಥಾರ್ಪ್ ಎರಡು ಚಿನ್ನದ ಪದಕಗಳನ್ನು ಗೆದ್ದರು. ವಿದ್ಯಾರ್ಥಿದೆಸೆಯಲ್ಲಿ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣದಿಂದ ಮರುವರ್ಷ ಅವು ಅವರ ಕೈತಪ್ಪಿದುವು. ಥಾರ್ಪ್ 1953ರಲ್ಲಿ ತೀರಿಕೊಂಡರು. ಪದಕಗಳನ್ನು ಹಿಂದಿರುಗಿಸುವ ನಿರ್ಧಾರವಾದುದು 1982ರಲ್ಲಿ. ಅವರೊಬ್ಬರೇ ವಿಜೇತರೆಂದು ಘೋಷಣೆಯಾದುದು 2022ರಲ್ಲಿ. ಹಣ ಮುಟ್ಟಬಾರದೆಂಬ ನಿಯಮವು ಉಳ್ಳವರಿಗೆ ಭೂಷಣ. ಇಲ್ಲದವರಿಗೆ ಅದು ಮುಚ್ಚಿದ ಬಾಗಿಲು.

ಅಮೆರಿಕದ ಕಾಲೇಜುಗಳ ಪರಿಸ್ಥಿತಿ ಬೇರೆ. ಅಲ್ಲಿ ಒಂದು ಲಕ್ಷಕ್ಕೂ ಮೀರಿ ಪ್ರೇಕ್ಷಕರು ಕೂರುವ ಕಾಲೇಜು ಕ್ರೀಡಾಂಗಣಗಳಿವೆ. ದೂರದರ್ಶನ ಪ್ರಸಾರದಿಂದ ಅಪಾರ ವರಮಾನವಿದೆ. ಆಡಿದವರಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ. 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣಸಂಬಂಧವಾದ ನೆರವಿಗೆ ಮಿತಿ ಹೇರುವುದು ಅಕ್ರಮವೆಂದು ಸರ್ವಾನುಮತದಿಂದ ತೀರ್ಪಿತ್ತಿತು. 2025ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯಂತೆ, ಕಾಲೇಜುಗಳು ತಮ್ಮ ವರಮಾನದ ಒಂದು ಭಾಗವನ್ನು ನೇರವಾಗಿ ಆಟಗಾರರಿಗೆ ಹಂಚಲು ಅವಕಾಶವಾಯಿತು.

ಸಿದ್ಧಾಂತ

ಇನ್ನು ನಮ್ಮ ನಿರ್ಣಯವೇನು? ಅಮೆರಿಕದ ಉತ್ತರವನ್ನು ನಾವು ಹಾಗೆಯೇ ತೆಗೆದುಕೊಳ್ಳಲಾಗದು. ಅಲ್ಲಿನ ಪ್ರಶ್ನೆ ಲಾಭದ ಹಂಚಿಕೆಯದು. ಇಲ್ಲಿನದು ಅವಕಾಶದ ಹಂಚಿಕೆಯದು. ಲಾಭವಿಲ್ಲದಲ್ಲಿ ಪಾಲು ಕೇಳಲಾಗದು, ನಿಜ. ಆದರೆ ಅವಕಾಶವನ್ನು ಕೇಳಬಹುದು.

ನಮ್ಮ ಭಾಷೆಯ ಒಂದು ಪದವನ್ನು ಗಮನಿಸಿರಿ. ಗಣಿತದಲ್ಲಿ ಜಾಣನಾದ ಬಡ ಹುಡುಗನಿಗೆ ಕೊಡುವ ಸಹಾಯಕ್ಕೆ ನಾವು ‘ವಿದ್ಯಾರ್ಥಿವೇತನ’ವೆನ್ನುತ್ತೇವೆ. ಆ ಹೆಸರಿನಲ್ಲಿಯೇ ವೇತನವಿದೆ. ಆದರೂ ಆ ಹುಡುಗನು ವಿದ್ಯೆಯನ್ನು ಮಾರಿಕೊಂಡನೆಂದು ಯಾರೂ ದೂರುವುದಿಲ್ಲ. ಹಾಗಿರುವಾಗ ಮುಂಜಾನೆಯೇ ಎದ್ದು ಮೈದಾನಕ್ಕೆ ಹೋಗುವ ಹುಡುಗಿಗೆ ಕೊಟ್ಟರೆ ಮಾತ್ರ ಆಟವು ಮಲಿನವಾಗುವುದೆ? ಕೂಲಿಗೂ ವಿದ್ಯಾರ್ಥಿವೇತನಕ್ಕೂ ಭೇದವಿದೆ. ಕೂಲಿಯು ಗೆಲುವನ್ನು ಕೊಳ್ಳುತ್ತದೆ. ಕಾಲು ಉಳುಕಿದ ದಿನ ನಿಂತುಹೋಗುತ್ತದೆ. ವಿದ್ಯಾರ್ಥಿವೇತನವು ಬೆಳವಣಿಗೆಯನ್ನು ಪೋಷಿಸುತ್ತದೆ. ಗಾಯದ ದಿನವೂ ಪರೀಕ್ಷೆಯ ದಿನವೂ ಜೊತೆಗಿರಬೇಕಾದುದು ಅದರ ಧರ್ಮ.

ಈ ದಾರಿಯಲ್ಲಿ ನಮ್ಮ ದೇಶವು ಹೆಜ್ಜೆಯಿಡದೆ ಇಲ್ಲ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಮಾಡಲಾಯಿತು. ಅದರಲ್ಲಿ 1.20 ಲಕ್ಷವು, ಎಂದರೆ ತಿಂಗಳಿಗೆ 10,000 ರೂಪಾಯಿಗಳು, ಕೈಖರ್ಚಿಗೆ. ಉಳಿದುದು ತರಬೇತಿ, ವಸತಿ ಮೊದಲಾದುವುಗಳಿಗೆ. ಆದರೆ ಈ ನೆರವು ಆಯ್ಕೆಯಾದವರಿಗೆ ಮಾತ್ರ. ಆಯ್ಕೆಯಾಗುವ ಮಟ್ಟಕ್ಕೆ ಏರುವವರೆಗಿನ ಭಾರವನ್ನು ಹೊರುವವರು ತಾಯಿತಂದೆಗಳು.

ಆದುದರಿಂದ ಕಾಲೇಜಿನ ಕ್ರೀಡಾಪಟುವಿಗೆ ಸಂಬಳವಲ್ಲ, ವಿದ್ಯಾರ್ಥಿವೇತನ ಸಲ್ಲಬೇಕು. ಅದರೊಡನೆ ಚಿಕಿತ್ಸೆಯ ಹೊಣೆಯೂ, ಓದಿಗೆ ಬೇಕಾದ ಕಾಲಾವಕಾಶವೂ, ನಿಯಮಬದ್ಧವಾದ ಸ್ಪರ್ಧೆಯೂ ಸಲ್ಲಬೇಕು. ಕೊನೆಯದನ್ನು ಮರೆಯಬಾರದು. ಮೂಡುಬಿದಿರೆಯಲ್ಲಿ ಆ ಓಟಗಾರ್ತಿಗೆ ದೊರೆಯದೆ ಹೋದುದು ಹಣವಲ್ಲ, ತಾನು ಗಳಿಸಿದ 13.03 ಸೆಕೆಂಡುಗಳ ಮನ್ನಣೆ. ದುಡಿಮೆಯನ್ನು ಸರಿಯಾಗಿ ಅಳೆದು ಬರೆದಿಡುವುದೇ ವಿದ್ಯಾಸಂಸ್ಥೆಯು ತೀರಿಸಬೇಕಾದ ಮೊದಲ ಋಣ.

ಅಭ್ಯಾಸ

1. ಕೂಲಿಗೂ ವಿದ್ಯಾರ್ಥಿವೇತನಕ್ಕೂ ಇರುವ ಭೇದವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
2. ಅಮೆರಿಕದ ಏರ್ಪಾಟು ನಮ್ಮಲ್ಲಿ ಹಾಗೆಯೇ ಏಕೆ ಹೊಂದುವುದಿಲ್ಲ?
3. ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಕಾಲವನ್ನೂ ದೂರವನ್ನೂ ಅಳೆದು ಬರೆದಿಡುವ ಕ್ರಮವನ್ನು ಗಮನಿಸಿ, ಅದರಲ್ಲಿ ಆಗಬೇಕಾದ ಸುಧಾರಣೆಗಳನ್ನು ಸೂಚಿಸಿರಿ.